ಬಯಲ ಬಿಡಾರವೂ ಮುಚ್ಚಳದ ಲೋಟವೂ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಕಂಡವರು ಹೆಂಡವೆಂದೇ ತಿಳಿಯುತ್ತಾರೆ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ಈ ಹೊತ್ತು ನಾನು ಹೇಳಹೊರಟಿರುವುದು ಇದಕ್ಕೆ ತಿರುವುಮುರುವಾದ ಒಂದು ಸಂಗತಿ. ಕುಡಿಯುವುದು ಹೆಂಡವೇ ಆದರೂ ಕಂಡವರು ಮಜ್ಜಿಗೆಯೆಂದು ತಿಳಿಯುವ ಹಾಗೆ ಕುಡಿಯಬೇಕು ಎಂಬ ಒಂದು ನಡವಳಿಕೆ ಅಮೆರಿಕದ ಸರ್ಕಾರಿ ಉದ್ಯಾನಗಳಲ್ಲಿ ಬೆಳೆದು ನಿಂತಿದೆ. ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಕಾನೂನು ಒಂದು ಕಡೆಯಿಂದಲೂ ಬಾಯಾರಿಕೆ ಇನ್ನೊಂದು ಕಡೆಯಿಂದಲೂ ಎಳೆದಾಗ ನಡುವೆ ತಾನಾಗಿ ಹುಟ್ಟಿಕೊಂಡದ್ದು.

ದೂರದ ಆ ದೇಶದವರು ಯಾವ ಲೋಟದಲ್ಲಿ ಏನು ಕುಡಿದರೆ ನಮಗೇನು ಎಂದು ನೀವು ಕೇಳಬಹುದು. ನಮ್ಮ ಬೀದಿಯಲ್ಲಿ ಈಗ ಮಗನನ್ನೋ ಮಗಳನ್ನೋ ಆ ದೇಶಕ್ಕೆ ಕಳುಹಿಸದ ಮನೆಗಳನ್ನು ಎಣಿಸುವುದು ಕಳುಹಿಸಿದ ಮನೆಗಳನ್ನು ಎಣಿಸುವುದಕ್ಕಿಂತ ಸುಲಭ. ತಂದೆ ತಾಯಿ ಬೇಸಗೆಗೆ ಹೋಗುತ್ತಾರೆ, ಐದಾರು ತಿಂಗಳಿದ್ದು ಬರುತ್ತಾರೆ. ಹೋದವರನ್ನು ಮಕ್ಕಳು ಜಲಪಾತ ತೋರಿಸುತ್ತಾರೆ, ದೇವಸ್ಥಾನ ತೋರಿಸುತ್ತಾರೆ. ಒಂದು ಶುಕ್ರವಾರ ಸಂಜೆ ಡೇರೆ, ಹಾಸಿಗೆ, ಒಲೆ, ಐಸ್ ಪೆಟ್ಟಿಗೆ ಎಲ್ಲವನ್ನೂ ಕಾರಿಗೆ ತುಂಬಿಕೊಂಡು, “ಅಪ್ಪ, ಎರಡು ರಾತ್ರಿ ಕಾಡಿನಲ್ಲಿದ್ದು ಬರೋಣ” ಎನ್ನುತ್ತಾರೆ. ಆಗ ನಿಮಗೂ ಈ ವಿಷಯಕ್ಕೂ ನಂಟು ಬಿತ್ತೆಂದೇ ತಿಳಿಯಿರಿ.

ಅಲ್ಲಿಯವರು ಕ್ಯಾಂಪ್‌ಗ್ರೌಂಡ್ ಎನ್ನುವುದನ್ನು ನಾವು ಬಿಡಾರದ ಬಯಲು ಎನ್ನೋಣ. ಉದ್ಯಾನ ಎಂದೊಡನೆ ಲಾಲ್‌ಬಾಗಿನಂಥ ಹೂದೋಟವನ್ನು ನೆನೆಯಬೇಡಿ. ಇವು ನದಿ, ಬೆಟ್ಟ, ಕಾಡುಗಳನ್ನು ಒಳಗೊಂಡ ವಿಸ್ತಾರವಾದ ಪ್ರದೇಶಗಳು. ಅವುಗಳ ಒಂದು ಮೂಲೆಯಲ್ಲಿ ನೆಲವನ್ನು ಸಮಮಾಡಿ, ಅಂಕಿ ಹಾಕಿದ ಗೂಟ ನೆಟ್ಟು, ಸೈಟುಗಳನ್ನಾಗಿ ಹಂಚಿರುತ್ತಾರೆ. ಸೈಟು ಎಂದೊಡನೆ ಬೆಂಗಳೂರಿನವರ ಕಿವಿ ನೆಟ್ಟಗಾಗುತ್ತದೆ, ಬಲ್ಲೆ. ಆದರೆ ಇದು ಒಂದೆರಡು ರಾತ್ರಿಯ ಮಟ್ಟಿನ ಸೈಟು. ಸೈಟಿಗೊಂದು ಮರದ ಮೇಜು, ಬೆಂಕಿ ಹಾಕುವುದಕ್ಕೆ ನೆಲದಲ್ಲಿ ಹೂತ ಕಬ್ಬಿಣದ ಬಳೆ, ಕಾರು ನಿಲ್ಲಿಸಲು ಜಾಗ. ನಾಲ್ಕು ಮಾರು ಆಚೆಗೆ ಇನ್ನೊಂದು ಸಂಸಾರ, ಅದರಾಚೆಗೆ ಮತ್ತೊಂದು. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ. ಪಕ್ಕದವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುವಷ್ಟು ಹತ್ತಿರ. ಒಗ್ಗರಣೆ ಹಾಕುವವರು ಸಾಮಾನ್ಯವಾಗಿ ನಾವೇ ಆಗಿರುತ್ತೇವೆ ಎಂಬುದು ಬೇರೆ ಮಾತು.

ಹೀಗಿರುವಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಣ ಕಟ್ಟಿ ಎರಡು ರಾತ್ರಿಗೆ ಪಡೆದ ಆ ತುಂಡು ನೆಲ ನನ್ನ ಮನೆಯೋ, ಬೀದಿಯೋ? ಮನೆಯಾದರೆ ಮನೆಯೊಳಗೆ ನಾನು ಏನು ಕುಡಿದೆನೆಂದು ಕೇಳುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಬೀದಿಯಾದರೆ ಉಂಟು. ಅಮೆರಿಕದ ನ್ಯಾಯಾಲಯಗಳೂ ಇದಕ್ಕೆ ಸಮೀಪದ ಪ್ರಶ್ನೆಯನ್ನು ಎದುರಿಸಿವೆ. ಅಲ್ಲಿಯ ಪಶ್ಚಿಮದ ರಾಜ್ಯಗಳ ಮೇಲೆ ಅಧಿಕಾರವಿರುವ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಸಾರ್ವಜನಿಕ ಬಿಡಾರದ ಬಯಲಿನಲ್ಲಿ ಹೂಡಿದ ಡೇರೆಯೊಳಗೆ ಮನುಷ್ಯನಿಗೆ ಮನೆಯಲ್ಲಿರುವಂಥ ಏಕಾಂತದ ಹಕ್ಕುಂಟು. ಪೊಲೀಸರು ವಾರಂಟಿಲ್ಲದೆ ಹೊಕ್ಕು ಜಾಲಾಡುವಂತಿಲ್ಲ. ಅದೇ ನ್ಯಾಯಾಲಯ 2011ರಲ್ಲಿ, ಕಾಡಿನ ತೆರೆದ ಜಾಗದಲ್ಲಿ ಬಿಡಾರ ಮಾಡಿದ್ದ ಒಬ್ಬನ ಮೊಕದ್ದಮೆಯಲ್ಲಿ, ಡೇರೆಯ ಹೊರಗಿನ ನೆಲಕ್ಕೆ ಆ ರಕ್ಷಣೆ ಸಲ್ಲದು ಎಂದಿತು. ಅಲ್ಲಿಗೆ, ಬಟ್ಟೆಯ ಒಳಗೆ ಮನೆ, ಬಟ್ಟೆಯ ಹೊರಗೆ ಬೀದಿ. ಆದರೆ ಜನ ಕುಡಿಯುವುದು ಡೇರೆಯೊಳಗೆ ಬಗ್ಗಿ ಕುಳಿತಲ್ಲ. ಹೊರಗೆ, ಮರದ ಮೇಜಿನ ಬಳಿ, ಬೆಂಕಿಯ ಮುಂದೆ.

ಹಾಗಾದರೆ ಹೊರಗೆ ಕುಡಿಯಬಹುದೋ ಬಾರದೋ? ಇದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಉತ್ತರವಿಲ್ಲ. ಅದಕ್ಕೊಂದು ಚರಿತ್ರೆಯಿದೆ. 1920ರಿಂದ 1933ರವರೆಗೆ ಆ ದೇಶದಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕವೇ ಪಾನನಿರೋಧ ಜಾರಿಯಲ್ಲಿತ್ತು. 1933ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿದ ಇಪ್ಪತ್ತೊಂದನೆಯ ತಿದ್ದುಪಡಿಯೇ ಮದ್ಯದ ವಿಷಯವನ್ನು ರಾಜ್ಯಗಳ ಕೈಗೆ ಒಪ್ಪಿಸಿತು. ರಾಜ್ಯಗಳಲ್ಲಿ ಕೆಲವು ಅದನ್ನು ಜಿಲ್ಲೆಗಳಿಗೆ ಬಿಟ್ಟವು. ಟೆನೆಸಿ ರಾಜ್ಯದ ಮೂರ್ ಕೌಂಟಿಯಲ್ಲಿ ಜಾಕ್ ಡೇನಿಯಲ್ ಎಂಬ ಜಗತ್ಪ್ರಸಿದ್ಧ ವಿಸ್ಕಿ ತಯಾರಾಗುತ್ತದೆ. ಆ ಕೌಂಟಿಯಾದರೋ ಪಾನನಿರೋಧದ ಕೌಂಟಿಯೆಂದೇ ಹೆಸರಾದದ್ದು. ಕಬ್ಬಿನ ಗದ್ದೆಯ ನಡುವೆ ಕುಳಿತು ಬೆಲ್ಲ ತಿನ್ನಬಾರದು ಎಂದ ಹಾಗೆ. ಇಂಥ ದೇಶದಲ್ಲಿ ಒಂದು ಉದ್ಯಾನದ ನಿಯಮ ಪಕ್ಕದ ಉದ್ಯಾನಕ್ಕೆ ಹೊಂದದಿದ್ದರೆ ಅಚ್ಚರಿಯಿಲ್ಲ. ಎಲ್ಲೆಡೆಯೂ ಒಂದೇ ಆಗಿರುವುದು ವಯಸ್ಸಿನ ಮಾತು. 21 ತುಂಬದವರಿಗೆ ಮದ್ಯ ಮಾರುವ ರಾಜ್ಯಕ್ಕೆ ಹೆದ್ದಾರಿಯ ಹಣ ಕಡಿತವಾಗುತ್ತದೆಂದು 1984ರಲ್ಲಿ ಕೇಂದ್ರ ಸರ್ಕಾರ ಕಾಯಿದೆ ಮಾಡಿದ ಮೇಲೆ ರಾಜ್ಯಗಳೆಲ್ಲ ಆ ದಾರಿಗೆ ಬಂದವು. ಓದುವುದಕ್ಕೆ ಹೋದ ನಮ್ಮ 19ರ ಹುಡುಗರು ಇದನ್ನು ಮರೆಯಬಾರದು.

ಉದ್ಯಾನಗಳಲ್ಲಿ ಎರಡು ಬಗೆ. ಯೆಲ್ಲೋಸ್ಟೋನ್, ಯೋಸೆಮಿಟಿ ಮುಂತಾದುವು ಕೇಂದ್ರ ಸರ್ಕಾರದ ರಾಷ್ಟ್ರೀಯ ಉದ್ಯಾನಗಳು. ಇವುಗಳಲ್ಲಿ ಮದ್ಯವನ್ನು ಒಟ್ಟಾರೆ ನಿಷೇಧಿಸಿಲ್ಲ. ನಿಮ್ಮ ಸೈಟಿನ ಮೇಜಿನ ಬಳಿ ಕುಳಿತು ಒಂದು ಡಬ್ಬಿ ಬಿಯರು ತೆರೆದರೆ ಸಾಮಾನ್ಯವಾಗಿ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಇಂಥ ಜಾಗದಲ್ಲಿ, ಇಂಥ ಕಾಲದಲ್ಲಿ ಕೂಡದು ಎಂದು ಅಪ್ಪಣೆ ಮಾಡುವ ಅಧಿಕಾರ ಪ್ರತಿಯೊಂದು ಉದ್ಯಾನದ ಮೇಲಧಿಕಾರಿಗೂ ಉಂಟು. ಜೊತೆಗೆ, ತನಗೋ ಇತರರಿಗೋ ಅಪಾಯವಾಗುವಷ್ಟು, ಇಲ್ಲವೆ ಉದ್ಯಾನದ ಸೊತ್ತಿಗೆ ಕೇಡಾಗುವಷ್ಟು ಅಮಲೇರಿ ಉದ್ಯಾನದಲ್ಲಿರುವುದೇ ಒಂದು ಅಪರಾಧವೆಂದು ನಿಯಮವಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಗದ್ದಲ ಕೂಡದೆಂಬ ನಿಯಮವೂ ಇದರ ಬೆನ್ನಿಗೇ ಬರುತ್ತದೆ. ನನ್ನ ಮಟ್ಟಿಗೆ ಇದು ಬುದ್ಧಿವಂತರು ಮಾಡಿದ ನಿಯಮ. ಲೋಟದೊಳಗೆ ಏನಿದೆ ಎಂದು ಇಣುಕಿ ನೋಡುವುದಿಲ್ಲ. ಕುಡಿದವನು ಹೇಗಿದ್ದಾನೆ ಎಂದು ನೋಡುತ್ತದೆ.

ರಾಜ್ಯ ಸರ್ಕಾರಗಳ ಉದ್ಯಾನಗಳಿಗೆ ಬಂದರೆ ಚಿತ್ರವೇ ಬೇರೆ. ಕನ್ನಡಿಗರು ಬಹು ಸಂಖ್ಯೆಯಲ್ಲಿ ನೆಲೆಸಿರುವ ಟೆಕ್ಸಾಸನ್ನೇ ತೆಗೆದುಕೊಳ್ಳಿ. ಅಲ್ಲಿಯ ರಾಜ್ಯೋದ್ಯಾನಗಳ ನಿಯಮದಂತೆ ಮದ್ಯವನ್ನು ಸಾರ್ವಜನಿಕವಾಗಿ ಕುಡಿಯುವುದೂ ತಪ್ಪು, ಪ್ರದರ್ಶಿಸುವುದೂ ತಪ್ಪು. ದಂಡ 500 ಡಾಲರಿನವರೆಗೆ ಹೋಗಬಹುದು. ಪ್ರದರ್ಶನ ಎಂದರೆ ನಮಗೆ ದಸರೆಯ ವಸ್ತುಪ್ರದರ್ಶನ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಇಷ್ಟೆ: ಸೀಸೆಯಾಗಲಿ ಡಬ್ಬಿಯಾಗಲಿ ಅದರ ಮೇಲಣ ಹೆಸರು ಹಾದುಹೋಗುವವರ ಕಣ್ಣಿಗೆ ಬೀಳಬಾರದು. ಫ್ರಿಯೊ ನದಿಯ ದಂಡೆಯ ಗಾರ್ನರ್ ಉದ್ಯಾನ 1941ರಿಂದ ಜನರಿಗೆ ತೆರೆದಿದೆ. ಬೇಸಗೆಯ ರಾತ್ರಿಗಳಲ್ಲಿ ಹಾಡಿನ ಪೆಟ್ಟಿಗೆಗೆ ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲ ಸೇರಿ ಅಲ್ಲಿ ಕುಣಿಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಅಂಥ ಕುಟುಂಬದ ನೆಲದಲ್ಲಿ ಸೀಸೆ ಮೆರೆಯಬಾರದೆಂದು ಸರ್ಕಾರ ಬಯಸಿದರೆ ಅದನ್ನು ತಪ್ಪೆನ್ನಲಾರೆ.

ಆದರೆ ಬಯಕೆ ಒಂದು, ಬಯಲು ಇನ್ನೊಂದು. ಸಂಜೆ ಇಂಥ ಬಿಡಾರಗಳ ನಡುವೆ ನಡೆದುಹೋದರೆ ನಿಮಗೆ ಒಂದೂ ಸೀಸೆ ಕಾಣುವುದಿಲ್ಲ. ಕಾಣುವುದೆಲ್ಲ ಮುಚ್ಚಳವಿರುವ ಉಕ್ಕಿನ ಲೋಟಗಳು. ಡಬ್ಬಿಗಳಿಗೆ ತೊಡಿಸಿದ ಸ್ಪಂಜಿನ ಅಂಗಿಗಳು. ಕಾಫಿಯ ಹೊತ್ತು ಮೀರಿದ ಮೇಲೂ ಬರಿದಾಗದ ಕಾಫಿಯ ಬಟ್ಟಲುಗಳು. ಐಸ್ ಪೆಟ್ಟಿಗೆ ಮೇಜಿನ ಕೆಳಗಿರುತ್ತದೆ, ಅದರ ಬಾಯಿ ದಾರಿಯ ಕಡೆಗಿರುವುದಿಲ್ಲ. ರೇಂಜರ್, ಅಂದರೆ ಉದ್ಯಾನದ ಪಹರೆಯ ಅಧಿಕಾರಿ, ಮೆಲ್ಲಗೆ ಗಾಡಿಯಲ್ಲಿ ಬರುತ್ತಾನೆ. ಎಲ್ಲರೂ ಕೈ ಬೀಸುತ್ತಾರೆ, ಆತನೂ ಬೀಸುತ್ತಾನೆ. ಸದ್ದು ಗದ್ದಲವಿಲ್ಲದ ಕಡೆ ಲೋಟದ ಮುಚ್ಚಳ ತೆಗೆಸಿ ನೋಡುವ ಗೋಜಿಗೆ ಆತ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗೆಂದು ಮುಚ್ಚಳ ಹಾಕಿದ್ದರಿಂದ ಅದು ನ್ಯಾಯಬದ್ಧವಾಯಿತೆಂದು ಭ್ರಮಿಸಬೇಡಿ. ಸಾರ್ವಜನಿಕವಾಗಿ ಕುಡಿಯುವುದೇ ಅಲ್ಲಿ ತಪ್ಪು. ಮುಚ್ಚಳ ತಪ್ಪನ್ನು ಅಳಿಸುವುದಿಲ್ಲ, ಕಣ್ಮರೆ ಮಾಡುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಇಲ್ಲಿ ಹಾಲಿನವನೂ ಕಣ್ಣು ಮುಚ್ಚಿಕೊಳ್ಳುತ್ತಾನೆ, ಅಷ್ಟೆ ವ್ಯತ್ಯಾಸ.

ನನಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರಿಗೆ ಇಂಥ ಒಂದು ಬಯಲಿನಲ್ಲಿ ನಡೆದದ್ದನ್ನು ಹೇಳಬೇಕು. ಊಟವಾದ ಮೇಲೆ ಅವರು ತಮ್ಮ ಸ್ಟೀಲ್ ಲೋಟದಲ್ಲಿ ಇಂಗು ಹಾಕಿದ ನೀರು ಮಜ್ಜಿಗೆ ತುಂಬಿಕೊಂಡು ದಾರಿಯಂಚಿನಲ್ಲಿ ಕುಳಿತು ಹೀರುತ್ತಿದ್ದರು. ಲೋಟಕ್ಕೆ ಮುಚ್ಚಳವಿರಲಿಲ್ಲ. ಸುತ್ತಣ ಹತ್ತು ಸೈಟುಗಳಲ್ಲಿ ಏನನ್ನೂ ಮುಚ್ಚಿಡದೆ ಕುಡಿಯುತ್ತಿದ್ದವರು ಅವರೊಬ್ಬರೇ. ರೇಂಜರ್ ಗಾಡಿ ನಿಲ್ಲಿಸಿ, ಬಹಳ ಮರ್ಯಾದೆಯಿಂದ, “ಸಾರ್, ಅದು ಏನೆಂದು ಕೇಳಬಹುದೇ?” ಎಂದ. ಮೇಷ್ಟರು ಲೋಟವನ್ನೇ ಮುಂದಕ್ಕೆ ಹಿಡಿದರು. ಆತ ಮೂಸಿದ. ಇಂಗಿನ ವಾಸನೆ ಹೊಸಬರಿಗೆ ಹೇಗೆ ತಾಕುತ್ತದೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ. “ಇದನ್ನು ನೀವು ಇಷ್ಟಪಟ್ಟು ಕುಡಿಯುತ್ತೀರಾ?” ಎಂದು ಕೇಳಿ, ಕ್ಷಮೆ ಬೇಡಿ ಹೊರಟುಹೋದನಂತೆ. ಪಕ್ಕದ ಸೈಟಿನ ಮುಚ್ಚಳದ ಲೋಟಗಳೆಲ್ಲ ಈ ಹೊತ್ತಿನಲ್ಲಿ ಬಹಳ ಗಂಭೀರವಾಗಿದ್ದುವು.

ಪಾತ್ರೆಗೂ ಪಾನೀಯಕ್ಕೂ ಇರುವ ಈ ಜಗಳ ಅದೇ ರಾಜ್ಯದ ಇನ್ನೊಂದು ಊರಿನಲ್ಲಿ ಕೋರ್ಟು ಹತ್ತಿದೆ. ನ್ಯೂ ಬ್ರೌನ್‌ಫೆಲ್ಸ್ 1845ರಲ್ಲಿ ಜರ್ಮನರು ಕಟ್ಟಿದ ಊರು. ಬಿಯರೆಂದರೆ ಅವರಿಗೆ ಮನೆಮಾತು. ಊರ ನದಿಗಳಲ್ಲಿ ಬೇಸಗೆಯ ಜನ ಟಯರಿನ ಟ್ಯೂಬುಗಳ ಮೇಲೆ ಮಲಗಿ, ಕುಡಿಯುತ್ತ ತೇಲುತ್ತ, ಬರಿದಾದ ಡಬ್ಬಿಯನ್ನು ನೀರಿಗೇ ಒಪ್ಪಿಸುತ್ತಿದ್ದರು. 2011ರಲ್ಲಿ ನಗರಸಭೆಯೂ ಮತದಾರರೂ ಸೇರಿ ಮದ್ಯದ ಗೊಡವೆಗೆ ಹೋಗದೆ, ಬಳಸಿ ಬಿಸಾಡುವ ಡಬ್ಬಿ ಸೀಸೆಗಳನ್ನು ನದಿಯಲ್ಲಿ ನಿಷೇಧಿಸಿದರು. 2014ರಲ್ಲಿ ಒಂದು ಕೋರ್ಟು ಅದನ್ನು ಹೊಡೆದುಹಾಕಿತು. 2017ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿತು, ನಿಷೇಧ ಮರಳಿತು. ಕುಡಿಯುವವರು ಪುನಃ ತುಂಬಬಲ್ಲ ಲೋಟಗಳಿಗೆ ಬದಲಾಯಿಸಿಕೊಂಡರು. ನದಿಯ ತಳದ ದೃಷ್ಟಿಯಿಂದ ನೋಡಿದರೆ ಇದೂ ಒಂದು ಗೆಲುವೇ.

ಇಷ್ಟೆಲ್ಲ ಬಿಗಿ ಏತಕ್ಕೆ ಬಂತು ಎಂದರೆ ಅದಕ್ಕೆ ಕಾರಣಗಳಿಲ್ಲದೆ ಇಲ್ಲ. 1970ರ ಜುಲೈ 4, ಅವರ ಸ್ವಾತಂತ್ರ್ಯದ ದಿನ, ಯೋಸೆಮಿಟಿಯ ಸ್ಟೋನ್‌ಮನ್ ಎಂಬ ಹುಲ್ಲುಗಾವಲಿನಲ್ಲಿ ನೂರಾರು ಮಂದಿ ತರುಣರು ನೆರೆದು ಕುಡಿತ, ಅಮಲು, ಹಾಡುಗಳಲ್ಲಿ ಮುಳುಗಿದ್ದಾಗ ಕುದುರೆಯೇರಿದ ರೇಂಜರರು ಅವರನ್ನು ತೆರವು ಮಾಡಿಸಹೋಗಿ ದೊಡ್ಡ ಗಲಭೆಯಾಯಿತು. ಮರಗಿಡ ಪ್ರಾಣಿಗಳ ವಿಷಯ ಬಲ್ಲ ರೇಂಜರರಿಗೆ ಜನಜಂಗುಳಿಯ ವಿಷಯ ತಿಳಿಯದೆಂದು ಅಂದು ಗೊತ್ತಾಯಿತು. ರಾಷ್ಟ್ರೀಯ ಉದ್ಯಾನ ಇಲಾಖೆ ತನ್ನ ರೇಂಜರರಿಗೆ ಪೊಲೀಸು ತರಬೇತಿ ಕೊಡುವ ಏರ್ಪಾಟನ್ನು ಗಟ್ಟಿಮಾಡಿದ್ದು ಆ ಬಳಿಕ. ನೆರೆಯ ಕೆನಡದ ಒಂಟೇರಿಯೊ ಪ್ರಾಂತದಲ್ಲಿ ನಿಮ್ಮ ಸೈಟಿನಲ್ಲಿ ಕುಡಿಯಲು ಅಡ್ಡಿಯಿಲ್ಲ; ಹಾಗಿದ್ದೂ ಮೇ ತಿಂಗಳಿನ ವಿಕ್ಟೋರಿಯ ದಿನದ ರಜೆಯ ಸುಮಾರಿಗೆ ಹಲವು ಉದ್ಯಾನಗಳಲ್ಲಿ ಮದ್ಯವನ್ನು ಪೂರ್ತಿ ನಿಲ್ಲಿಸುವ ಪದ್ಧತಿ ಬಹಳ ವರ್ಷ ನಡೆಯಿತು. ಚಳಿ ಕಳೆದು ಮೊದಲ ರಜೆ ಬಂದಾಗ ಹುಡುಗರ ಹುಮ್ಮಸ್ಸು ಎಷ್ಟಿರುತ್ತದೆಂದು ಬಲ್ಲವರು ಮಾಡಿದ ನಿಯಮ ಅದು.

ಗಲಭೆ ವರ್ಷಕ್ಕೊಮ್ಮೆ, ನಿತ್ಯದ ಅಪಾಯಗಳು ಸದ್ದಿಲ್ಲದವು. ಬೆಟ್ಟದ ಮೇಲೆ ರಾತ್ರಿ ಚಳಿಯಾದಾಗ ಒಂದು ಗುಟುಕು ಬಿದ್ದರೆ ಮೈ ಬೆಚ್ಚಗಾಗುತ್ತದೆ ಎನ್ನುತ್ತಾರೆ. ಆಗುವುದು ಬೇರೆ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ, ಒಳಗಿನ ಬಿಸಿರಕ್ತ ಮೈಯ ಮೇಲ್ಭಾಗಕ್ಕೆ ಬರುತ್ತದೆ, ಅದರಿಂದ ಬೆಚ್ಚಗೆನಿಸುತ್ತದೆ; ಅಲ್ಲಿಂದ ಆ ಬಿಸಿ ಗಾಳಿಯ ಪಾಲಾಗಿ ಒಡಲೊಳಗಿನ ಕಾವು ಇಳಿಯುತ್ತದೆ. ಕಂಬಳಿ ಹೊದೆಯಬೇಕಾದವನು ಅಂಗಿ ಬಿಚ್ಚುತ್ತಾನೆ. ನೀರಿನ ವಿಷಯವೂ ಹೀಗೆಯೇ. ಆ ದೇಶದಲ್ಲಿ ದೋಣಿಯ ಅವಘಡಗಳಲ್ಲಾಗುವ ಸಾವುಗಳಿಗೆ ಗೊತ್ತಾದ ಕಾರಣಗಳಲ್ಲಿ ಮದ್ಯವೇ ಮೊದಲನೆಯದೆಂದು ಅಲ್ಲಿಯ ಕರಾವಳಿ ಪಹರೆಯವರ ವರದಿಗಳು ವರುಷ ವರುಷವೂ ಹೇಳುತ್ತ ಬಂದಿವೆ.

ಕರಡಿಯ ಮಾತನ್ನು ಬಿಡುವಂತಿಲ್ಲ. ಯೋಸೆಮಿಟಿಯಲ್ಲಿ ತಿಂಡಿಯ ಜೊತೆಗೆ ಪಾನೀಯಗಳನ್ನೂ, ತೆರೆಯದ ಡಬ್ಬಿಗಳನ್ನು ಸಹ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಅಗುಳಿ ಹಾಕಬೇಕೆಂಬ ಕಟ್ಟುನಿಟ್ಟಿದೆ. ಏಕೆಂದು ಕೇಳುವವರಿಗೆ 2004ರ ಆಗಸ್ಟಿನ ಒಂದು ಘಟನೆ ಸಾಕು. ವಾಷಿಂಗ್ಟನ್ ರಾಜ್ಯದ ಬೇಕರ್ ಸರೋವರದ ಬಳಿಯ ಬಿಡಾರದಲ್ಲಿ ಒಂದು ಕರಿಯ ಕರಡಿ ಜನರ ಐಸ್ ಪೆಟ್ಟಿಗೆಗಳನ್ನು ಒಡೆದು, ಹಲ್ಲು ಉಗುರುಗಳಿಂದ ಡಬ್ಬಿ ತೂತುಮಾಡಿ, ಸುಮಾರು 36 ಡಬ್ಬಿ ಬಿಯರು ಕುಡಿದು ಮೈಮರೆತು ಮಲಗಿತ್ತು. ಅಲ್ಲಿ ಎರಡು ಬಗೆಯ ಬಿಯರಿತ್ತಂತೆ. ಒಂದನ್ನು ರುಚಿ ನೋಡಿ ಬಿಟ್ಟು ಇನ್ನೊಂದನ್ನೇ ಆರಿಸಿಕೊಂಡಿತಂತೆ. ಮಾರನೆಯ ದಿನ ಪುನಃ ಬಂದದ್ದನ್ನು ಅದೇ ಬಿಯರು, ಜೇನುತುಪ್ಪ, ಸಿಹಿಬಡೆಗಳನ್ನು ಒಡ್ಡಿ ಬೋನಿನಲ್ಲಿ ಹಿಡಿದು ದೂರ ಸಾಗಿಸಿದರು. ಕೇಳಿದರೆ ನಗು ಬರುತ್ತದೆ. ಆದರೆ ಬಿಡಾರದ ತಿನಿಸಿನ ರುಚಿ ಹತ್ತಿದ ಕರಡಿ ಜನರ ಹೆದರಿಕೆಯನ್ನು ಮರೆಯುತ್ತದೆ. ಕೊನೆಗೆ ಗುಂಡಿಗೆ ಬಲಿಯಾಗುವುದೂ ಉಂಟು.

ಇನ್ನು ನಮ್ಮ ಸಂಸಾರಗಳೊಳಗಿನ ಮಾತಿಗೆ ಬರುತ್ತೇನೆ. ಮುಚ್ಚಳದ ಲೋಟ ಅಮೆರಿಕದವನಿಗೆ ರೇಂಜರಿನಿಂದ ಮರೆ. ನಮ್ಮ ಹುಡುಗನಿಗೆ ಅದು ಎರಡು ಮರೆ. ರೇಂಜರ್ ಒಬ್ಬ, ಅಪ್ಪ ಇನ್ನೊಬ್ಬರು. ಮೂವತ್ತೆಂಟು ವರ್ಷದ, ಎರಡು ಮಕ್ಕಳ ತಂದೆಯಾದ ಮಗ, ಬೆಂಕಿಯ ಆಚೆ ಬದಿಗೆ ಕುಳಿತು ಲೋಟವನ್ನು ಮೊಣಕಾಲಿನ ಹಿಂದೆ ಇಟ್ಟುಕೊಳ್ಳುತ್ತಾನೆ.

“ಏನಪ್ಪಾ ಅದು?”

“ಐಸ್ ಟೀ, ಅಪ್ಪ.”

“ಹೂಂ. ಕುಡಿ ಕುಡಿ. ದಣಿದಿದ್ದೀಯ.”

ಅಪ್ಪನಿಗೆ ತಿಳಿಯುವುದಿಲ್ಲವೇ? ಮೂವತ್ತು ವರ್ಷ ಕಚೇರಿಯಲ್ಲಿ ಕೆಲಸ ಮಾಡಿ, ನಾಲ್ಕಾರು ಊರಿನ ನೀರು ಕುಡಿದವರು. ಗಾಳಿ ಈ ಕಡೆಗೆ ಬೀಸಿದರೆ ಸಾಕು, ತಿಳಿಯುತ್ತದೆ. ಮಗನಿಗೂ ಅಪ್ಪನಿಗೆ ತಿಳಿದಿದೆಯೆಂದು ತಿಳಿದಿರುತ್ತದೆ. ಅಮ್ಮ ಮಾತು ಬದಲಿಸುತ್ತಾರೆ. ಇದನ್ನು ಕಪಟವೆಂದು ಹೀಗಳೆಯುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಹಿರಿಯರ ಎದುರಿಗೆ ಕೆಲವನ್ನು ಮಾಡುವುದಿಲ್ಲ, ಮಾಡಿದರೂ ಕಾಣಗೊಡುವುದಿಲ್ಲ ಎಂಬ ಸಂಕೋಚ ಪ್ರೀತಿಯ ಒಂದು ರೂಪ. ಅದು ಇರಲಿ. ಆದರೆ ಆ ಸಂಕೋಚಕ್ಕೆ ಒಂದು ಎಲ್ಲೆಯಿರಬೇಕು, ಅದನ್ನು ಎಲ್ಲಿ ಎಳೆಯಬೇಕೆಂದು ನನಗೆ ತಿಳಿದದ್ದು ಒಂದು ಸಂಸಾರದ ಕಥೆಯಿಂದ.

ಮೈಸೂರಿನ ಕಡೆಯವರು. ಹೆಸರು ಬೇಡ. ಗಂಡ ಹೆಂಡತಿ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು, ಬೆಟ್ಟದ ಮೇಲಣ ಒಂದು ಬಯಲಿನಲ್ಲಿ ಬಿಡಾರ ಮಾಡಿದ್ದರು. ರಾತ್ರಿ ಒಂಬತ್ತರ ಹೊತ್ತಿಗೆ ಮಗು ಎಡವಿ, ಬೆಂಕಿಯ ಕಬ್ಬಿಣದ ಬಳೆಯ ಮೇಲೆ ಅಂಗೈ ಊರಿತು. ಆ ಬಳೆ ಬೆಂಕಿ ಆರಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಮಗು ಕಿರುಚಿಕೊಂಡಿತು. ತಣ್ಣೀರಿನಲ್ಲಿ ಕೈ ಅದ್ದಿದರು. ಫೋನಿಗೆ ಸಂಪರ್ಕ ಸಿಗಲಿಲ್ಲ. ಆಸ್ಪತ್ರೆಯಿರುವ ಊರಿಗೆ ಒಂದು ಗಂಟೆಯ ಘಾಟಿ ರಸ್ತೆ. ಅಜ್ಜ, “ಏಳಪ್ಪ, ಗಾಡಿ ತೆಗೆ” ಎಂದರು. ಮಗ ಏಳಲಿಲ್ಲ. “ಏಕೋ ಕೂತಿದ್ದೀಯ?” ಎಂದು ಗದರಿದರು. ಅವನು ತಲೆ ತಗ್ಗಿಸಿದ. ಮೂರು ಲೋಟ ಐಸ್ ಟೀ ಆಗಿತ್ತು. ಒಂದು ಕ್ಷಣ, ಅಪ್ಪನ ಎದುರಿಗೆ ಆ ಮಾತನ್ನು ಆಡುವುದಕ್ಕಿಂತ ಗಾಡಿ ಓಡಿಸಿಬಿಡುವುದೇ ಅವನಿಗೆ ಸುಲಭವೆನಿಸಿತ್ತಂತೆ. ಬೀಗದ ಕೈಗೆ ಕೈ ಹಾಕಿಯೂ ಇದ್ದ. ಸೊಸೆ ಅದನ್ನು ಕಸಿದುಕೊಂಡು, “ಮಾವ, ನಾನು ಓಡಿಸುತ್ತೇನೆ, ನೀವು ಮಗುವನ್ನು ಹಿಡಿದುಕೊಳ್ಳಿ” ಎಂದಳು. ಘಾಟಿಯಲ್ಲಿ ರಾತ್ರಿ ಆಕೆ ಹಿಂದೆಂದೂ ಓಡಿಸಿರಲಿಲ್ಲ. ತಲಪಿದರು, ಮಗುವಿನ ಕೈ ಗುಣವಾಯಿತು. ಎರಡು ದಿನ ಅಜ್ಜ ಮಗನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಕಾಫಿಯ ಹೊತ್ತಿನಲ್ಲಿ, “ನೀನು ಏನು ಕುಡೀತೀಯ ಅಂತ ನಾನು ಕೇಳೋದಿಲ್ಲ. ಈ ರಾತ್ರಿ ಗಾಡಿ ಯಾರು ಓಡಿಸೋದು ಅಂತ ಮಾತ್ರ ಸಂಜೆಗೇ ನನಗೆ ಹೇಳಿಬಿಡು” ಎಂದರಂತೆ.

ಆ ಮುದುಕರ ಮಾತಿಗಿಂತ ಒಳ್ಳೆಯ ನಿಯಮವನ್ನು ಯಾವ ಉದ್ಯಾನದ ಹಲಗೆಯ ಮೇಲೂ ನಾನು ಕಂಡಿಲ್ಲ. ದಾರಿಹೋಕರ ಕಣ್ಣಿಗೆ ಲೋಟ ಮುಚ್ಚಿರಲಿ. ಸ್ವಂತ ಡೇರೆಯೊಳಗಿನವರಿಗೆ ಒಬ್ಬ ಕುಡಿಯದವರು ಯಾರೆಂದು ಸೂರ್ಯ ಮುಳುಗುವ ಮೊದಲೇ ಗೊತ್ತಿರಬೇಕು, ಬೀಗದ ಕೈ ಅವರ ಬಳಿ ಇರಬೇಕು. ಅಂಥವರು ಯಾರೂ ಇಲ್ಲವಾದರೆ ಬಯಲಿನ ಬಾಗಿಲ ಬಳಿ ಕ್ಯಾಂಪ್ ಹೋಸ್ಟ್ ಎಂಬುವರಿದ್ದಾರೆಯೇ ನೋಡಿ. ಅನೇಕ ಬಯಲುಗಳಲ್ಲಿ ಸ್ವಯಂಸೇವೆಗಾಗಿ ಅಲ್ಲಿಯೇ ಮನೆಗಾಡಿಯಲ್ಲಿ ವಾಸವಾಗಿರುವ ದಂಪತಿಗಳು ಅವರು, ಬಹುಮಟ್ಟಿಗೆ ನಿಮ್ಮ ಹಾಗೆಯೇ ನಿವೃತ್ತರು. ಆಂಬುಲೆನ್ಸನ್ನೋ ರೇಂಜರನ್ನೋ ಕರೆಸುವ ದಾರಿ ಅವರಿಗೆ ಗೊತ್ತಿರುತ್ತದೆ.

ಗಾಡಿಯ ವಿಷಯದಲ್ಲಿ ಕಾನೂನಿಗೆ ದಾಕ್ಷಿಣ್ಯವಿಲ್ಲ. ರಕ್ತದಲ್ಲಿ ಮದ್ಯದ ಮಿತಿ ರಾಷ್ಟ್ರೀಯ ಉದ್ಯಾನಗಳಲ್ಲಿ ಶೇಕಡ 0.08, ರಾಜ್ಯದ ಮಿತಿ ಅದಕ್ಕಿಂತ ಬಿಗಿಯಾದರೆ ಅದೇ ಸಲ್ಲುತ್ತದೆ. ಝಯಾನ್, ಬ್ರೈಸ್ ಮುಂತಾದ ಐದು ರಾಷ್ಟ್ರೀಯ ಉದ್ಯಾನಗಳಿರುವ ಯೂಟಾ ರಾಜ್ಯ 2018ರ ಡಿಸೆಂಬರ್ 30ರಿಂದ ಅದನ್ನು 0.05ಕ್ಕೆ ಇಳಿಸಿದೆ. ನಮ್ಮ ದೇಶದ ಮಿತಿ 0.03, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಕಾಗದದ ಮೇಲೆ ನಾವೇ ಹೆಚ್ಚು ಕಟ್ಟುನಿಟ್ಟಿನವರು. ರಾಷ್ಟ್ರೀಯ ಉದ್ಯಾನದೊಳಗೆ ಕಾರಿನಲ್ಲಿ ಜನ ಕೂರುವ ಕಡೆ ಬಾಯಿ ತೆರೆದ ಸೀಸೆಯಿದ್ದರೂ ತಪ್ಪು. ಉಳಿದದ್ದನ್ನು ಹಿಂಬದಿಯ ಡಿಕ್ಕಿಯಲ್ಲಿಡಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಪರದೇಶದವರಿಗೆ ಕಾದಿದೆ, ಅದು ಬಹು ಮಂದಿಗೆ ತಿಳಿಯದು. ಕುಡಿದು ಗಾಡಿ ಓಡಿಸಿದ ಆಪಾದನೆಯ ಮೇಲೆ ಬಂಧನವಾದರೆ ಸಾಕು, ತಪ್ಪು ಕೋರ್ಟಿನಲ್ಲಿ ಸಾಬೀತಾಗುವ ಮೊದಲೇ ವೀಸಾವನ್ನು ರದ್ದುಮಾಡುವ ಪದ್ಧತಿಯನ್ನು ಆ ದೇಶದ ವಿದೇಶಾಂಗ ಇಲಾಖೆ 2015ರ ನವೆಂಬರಿನಿಂದ ಬಿಗಿಮಾಡಿತು. ರದ್ದಾದೊಡನೆ ದೇಶ ಬಿಡಬೇಕೆಂದೇನಿಲ್ಲ. ಆದರೆ ಒಮ್ಮೆ ಊರಿಗೆ ಬಂದವನು ಹೊಸ ವೀಸಾ ಪಡೆಯದೆ ಮರಳುವಂತಿಲ್ಲ, ಅದಕ್ಕೆ ವೈದ್ಯರ ಪರೀಕ್ಷೆಯೂ ಬೇಕಾಗಬಹುದು. ತಂಗಿಯ ಮದುವೆಗೋ ತಾಯಿಯ ಕಾಯಿಲೆಗೋ ಬರಲಾರದೆ ಅಲ್ಲಿಯೇ ಉಳಿದ ಮಗನ ಮನೆಯವರಿಗೆ ಗೊತ್ತು ಆ ಸಂಜೆಯ ಬೆಲೆ.

ಅಲ್ಲಿಯ ಲೋಟದ ಅಭ್ಯಾಸವನ್ನು ರಜೆಗೆ ಬಂದಾಗ ನಮ್ಮ ಬೆಟ್ಟಗಳಿಗೆ ಹೊತ್ತು ತರುವ ತರುಣರೂ ಇದ್ದಾರೆ. ಅವರು ತಿಳಿಯಬೇಕಾದದ್ದು, ಕರ್ನಾಟಕ ಅಬಕಾರಿ ಕಾಯಿದೆಯಂತೆ ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ ಅಪರಾಧ, ಮುಚ್ಚಳವಿದ್ದರೂ, ಇಲ್ಲದಿದ್ದರೂ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೂ ಅದನ್ನು ಒಯ್ಯುವಂತಿಲ್ಲ.

ನೀವು ಈ ಬೇಸಗೆಗೆ ಹೊರಡುವವರಾದರೆ, ಉದ್ಯಾನದ ಬಾಗಿಲಿನಲ್ಲಿ ಕೊಡುವ ಕಾಗದವನ್ನು ಮಡಿಚಿ ಜೇಬಿಗೆ ಸೇರಿಸುವ ಮುನ್ನ ಮಗನಿಂದಲೋ ಮಗಳಿಂದಲೋ ಒಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳಿ. ಮದ್ಯದ ಸಾಲು ಅದರಲ್ಲಿ ಬಹುಮಟ್ಟಿಗೆ ನಾಯಿಯ ಸಾಲಿಗೂ ಸೌದೆಯ ಸಾಲಿಗೂ ನಡುವೆ ಎಲ್ಲೋ ಇರುತ್ತದೆ. ಕೆಲವು ಕಡೆ ಗಾಜಿನ ಸೀಸೆಯನ್ನೇ ಒಳಗೆ ಬಿಡುವುದಿಲ್ಲ. ನೀವು ಮನೆಯಿಂದ ತಂದ ಉಪ್ಪಿನಕಾಯಿಯ ಭರಣಿಯೂ ಆ ಲೆಕ್ಕಕ್ಕೆ ಸೇರಬಹುದು.